ಫೈರ್‌ಫಾಕ್ಸ್‌ನಲ್ಲೇ ಸೈಬರ್ ಅಂಗಡಿ ನಡೆಸಿದ್ದು: ನನ್ನ ಅನುಭವ

ಸಾಗರದ ನನ್ನ ಸೈಬರ್ ಅಂಗಡಿಯಲ್ಲಿ ಆರು ಕಂಪ್ಯೂಟರ್ ಇವೆ. ಆರರಲ್ಲೂ ಮುಖ್ಯ ಬ್ರೌಸರ್ ಫೈರ್‌ಫಾಕ್ಸ್. ಅರ್ಜಿ, ಶುಲ್ಕ, ಹಾಲ್ ಟಿಕೆಟ್, ವಿಮೆ ಕಂತು, ಎಲ್ಲವೂ ಅದರಲ್ಲೇ ನಡೆಯುತ್ತದೆ. ಫೈರ್‌ಫಾಕ್ಸ್ ಶುರು ಮಾಡಿದಾಗ ಪಕ್ಕದ ಝೆರಾಕ್ಸ್ ಅಂಗಡಿಯವನು, ನನ್ನ ಸ್ವಂತ ಭಾವ, ಕಂಪ್ಯೂಟರ್ ರಿಪೇರಿಗೆ ಬರುವ ಹುಡುಗ, ಮೂವರೂ ಒಂದೇ ಮಾತು ಹೇಳಿದರು: "ಸುಮ್ನೆ ಕ್ರೋಮ್ ಹಾಕು ಮಾರಾಯ, ಗಿರಾಕಿ ಕಳ್ಕೊಳ್ತೀಯ." ಗಿರಾಕಿ ಕಳೆದುಕೊಂಡಿಲ್ಲ. ಇದೇ ಕೆಲಸ ಮಾಡುವವರು ಕೇಳುತ್ತಿರುತ್ತಾರೆ, ಅದಕ್ಕೆ ಬರೆದಿದ್ದೇನೆ.

ಮೊದಲು ದುಡ್ಡಿನ ಮಾತು. 2023ರ ಆರಂಭದಲ್ಲಿ ವಿಂಡೋಸ್ 7ಕ್ಕೆ ಕ್ರೋಮ್ 109ರ ನಂತರ ಹೊಸ ಆವೃತ್ತಿ ನಿಂತುಹೋಯಿತು. ನನ್ನವು ಮೂರನೇ ತಲೆಮಾರಿನ ಐ3 ಮೆಷಿನ್‌ಗಳು. ವಿಂಡೋಸ್ 11 ಅವುಗಳನ್ನು ಒಪ್ಪುವುದೇ ಇಲ್ಲ. ಶಿವಮೊಗ್ಗದಲ್ಲಿ ಹೊಸದಕ್ಕೆ ಕೇಳಿದೆ. ಒಂದಕ್ಕೆ ಸುಮಾರು 36,000. ಆರಕ್ಕೆ ಎರಡು ಲಕ್ಷ ದಾಟುತ್ತದೆ. ಒಂದು ಅರ್ಜಿಗೆ ಮೂವತ್ತು, ನಲವತ್ತು ರೂಪಾಯಿ ತೆಗೆದುಕೊಳ್ಳುವ ಅಂಗಡಿ ಇದು. ರಾತ್ರಿ ಬಸ್ ಹತ್ತಿ ಬೆಂಗಳೂರಿನ ಎಸ್.ಪಿ. ರೋಡ್‌ಗೆ ಹೋದೆ. ಆರು ಎಸ್‌ಎಸ್‌ಡಿ, ಆರು ಸೆಕೆಂಡ್ ಹ್ಯಾಂಡ್ ರ‍್ಯಾಮ್ ತಂದೆ. ಬಸ್ಸು, ಊಟ ಎಲ್ಲ ಸೇರಿ ಹದಿನೈದು ಸಾವಿರದೊಳಗೆ ಮುಗಿಯಿತು. ಐದಕ್ಕೆ ವಿಂಡೋಸ್ ಬದಲು ಬಳಸುವ ಉಚಿತ ಲಿನಕ್ಸ್ ಮಿಂಟ್ ಹಾಕಿದೆ. ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಡಾಂಗಲ್ ಇವೆಯಲ್ಲ, ಅದಕ್ಕೆ ಒಂದರಲ್ಲಿ ವಿಂಡೋಸ್ 10 ಇಟ್ಟುಕೊಂಡೆ.

ಲಿನಕ್ಸ್‌ನಲ್ಲೂ ಕ್ರೋಮ್ ಓಡುತ್ತದೆ, ಹಾಗಾದರೆ ಫೈರ್‌ಫಾಕ್ಸ್ ಯಾಕೆ ಅಂತ ಕೇಳಬಹುದು. ಕಾರಣ ಕಂಟೈನರ್, ಅಂದರೆ ಒಂದೊಂದು ಟ್ಯಾಬ್‌ನಲ್ಲಿ ಬೇರೆ ಬೇರೆ ಲಾಗಿನ್ ಇಡುವ ಸೌಲಭ್ಯ. ಮಧ್ಯಾಹ್ನ ಹನ್ನೆರಡಕ್ಕೆ ನಾಲ್ಕು ಜನ ಒಂದೇ ಪೋರ್ಟಲ್‌ನ ಕೆಲಸಕ್ಕೆ ಬಂದು ನಿಂತಿರುತ್ತಾರೆ. ಒಬ್ಬರಿಗೆ ಓಟಿಪಿ ಬಂದಿಲ್ಲ, ಇನ್ನೊಬ್ಬರು ಮನೆಗೆ ಫೋನ್ ಮಾಡಿ ಪಾಸ್‌ಬುಕ್ ನಂಬರ್ ಕೇಳುತ್ತಿದ್ದಾರೆ. ಒಬ್ಬರನ್ನು ಲಾಗೌಟ್ ಮಾಡಿ ಇನ್ನೊಬ್ಬರನ್ನು ಒಳಗೆ ಬಿಟ್ಟರೆ ಮೊದಲಿನವರ ಅರ್ಧ ಅರ್ಜಿ ಹೋಯಿತು. ಕ್ರೋಮ್‌ನಲ್ಲಿ ಇನ್‌ಕಾಗ್ನಿಟೋ ಕಿಟಕಿ ಎಷ್ಟು ತೆರೆದರೂ ಎಲ್ಲಕ್ಕೂ ಒಂದೇ ಲಾಗಿನ್. ಬೇರೆ ಪ್ರೊಫೈಲ್ ಮಾಡಬಹುದು ನಿಜ, ಆದರೆ ಬಂದವರಿಗೆಲ್ಲ ಒಂದೊಂದು ಪ್ರೊಫೈಲ್ ಮಾಡುತ್ತಾ ಕೂರಲು ಆಗಲ್ಲ. ಫೈರ್‌ಫಾಕ್ಸ್‌ನಲ್ಲಿ ಒಂದೇ ಕಿಟಕಿ ಸಾಕು. ನೀಲಿ ಗೆರೆಯ ಟ್ಯಾಬ್‌ನಲ್ಲಿ ತಂದೆ, ಹಸಿರು ಗೆರೆಯದರಲ್ಲಿ ಮಗಳು, ಕೆಂಪಿನಲ್ಲಿ ಪಕ್ಕದ ಮನೆಯವರು. ನಾಲ್ಕು ಲಾಗಿನ್ ಒಂದರ ಪಕ್ಕ ಒಂದು. ನನ್ನ ವೇಗಕ್ಕೆ ಕಾರಣ ಇದೇ. ಈ ಊರಲ್ಲಿ ಹೀಗೆ ಕೆಲಸ ಮಾಡುವವನು ನಾನೊಬ್ಬನೇ ಅಂತ ಧೈರ್ಯವಾಗಿ ಹೇಳುತ್ತೇನೆ.

ತೊಂದರೆ ಮೊದಲ ವಾರವೇ ಶುರುವಾಯಿತು. ಒಂದು ಅರ್ಜಿ ಪೋರ್ಟಲ್ ತೆರೆದರೆ ಬಿಳಿ ಪುಟ, ನಡುವೆ ಒಂದೇ ಸಾಲು: ಈ ಬ್ರೌಸರ್‌ಗೆ ಬೆಂಬಲ ಇಲ್ಲ, ಕ್ರೋಮ್ ಬಳಸಿ. ಒಂದು ಬ್ಯಾಂಕ್‌ನಲ್ಲಿ ಲಾಗಿನ್ ಗುಂಡಿ ಬೂದು ಬಣ್ಣಕ್ಕೆ ತಿರುಗಿ ಕೂತಿತ್ತು. ಇನ್ನು ಕೆಲವು ತಾಣಗಳಲ್ಲಿ "ನೀವು ಮನುಷ್ಯರೇ ಎಂದು ಪರೀಕ್ಷಿಸುತ್ತಿದ್ದೇವೆ" ಎಂಬ ಪುಟ ಸುತ್ತುತ್ತಲೇ ಇರುತ್ತಿತ್ತು.

ಯಾರಾದರೂ ಮಾಡುವ ಕೆಲಸವನ್ನೇ ನಾನೂ ಮಾಡಿದೆ. ಯೂಸರ್ ಏಜೆಂಟ್, ಅಂದರೆ ಬ್ರೌಸರ್ ತಾಣಕ್ಕೆ ತನ್ನ ಹೆಸರು ಹೇಳುವ ಸಾಲು, ಬದಲಿಸಿದೆ. ಫೈರ್‌ಫಾಕ್ಸ್‌ನ ಒಳ ಸೆಟ್ಟಿಂಗ್ ಪುಟ ಅಬೌಟ್ ಕಾನ್ಫಿಗ್‌ಗೆ ಹೋಗಿ ಓವರ್‌ರೈಡ್ ಸಾಲು ಸೇರಿಸಿ, ಐದೂ ಮೆಷಿನ್‌ಗೆ ಕ್ರೋಮ್‌ನ ಹೆಸರು ಹಾಕಿದೆ. ಬಿಳಿ ಪುಟದ ಪೋರ್ಟಲ್ ತಕ್ಷಣ ತೆರೆಯಿತು. ಭಾವನಿಗೆ ಫೋನ್ ಮಾಡಿ ಹೇಳಿಯೂ ಬಿಟ್ಟೆ.

ಮರುದಿನ ಎಲ್ಲ ಉಲ್ಟಾ. ಮನುಷ್ಯ ಪರೀಕ್ಷೆಯ ಪುಟ ಮೊದಲು ಮೂರೋ ನಾಲ್ಕೋ ಕಡೆ ಸುತ್ತುತ್ತಿತ್ತು, ಈಗ ಅದು ಇದ್ದ ಕಡೆಯೆಲ್ಲ ಸುತ್ತತೊಡಗಿತು. ಕಾರಣ ಹುಡುಕಲು ಎರಡು ವಾರ ಹಿಡಿಯಿತು. ಆ ಪರೀಕ್ಷೆ ಹೆಸರೊಂದನ್ನೇ ನೋಡುವುದಿಲ್ಲ. ಸಂಪರ್ಕ ಶುರುವಾಗುವಾಗ ಬ್ರೌಸರ್ ಯಾವ ಗೂಢಲಿಪಿಗಳನ್ನು ಯಾವ ಕ್ರಮದಲ್ಲಿ ಮುಂದಿಡುತ್ತದೆ ಅಂತಲೂ ನೋಡುತ್ತದೆ. ಕ್ರೋಮ್‌ನ ಕ್ರಮ ಬೇರೆ, ಫೈರ್‌ಫಾಕ್ಸ್‌ನದು ಬೇರೆ. ಕ್ರೋಮ್ ತನ್ನ ಹೆಸರು, ಆವೃತ್ತಿಯನ್ನು ಕ್ಲೈಂಟ್ ಹಿಂಟ್ ಅಂತ ಬೇರೆ ಹೆಡರ್‌ನಲ್ಲೂ ಕಳಿಸುತ್ತದೆ, ಫೈರ್‌ಫಾಕ್ಸ್ ಕಳಿಸುವುದಿಲ್ಲ. ಬಾಯಲ್ಲಿ ಕ್ರೋಮ್ ಅಂತ ಹೇಳಿ, ಉಳಿದೆಲ್ಲ ಫೈರ್‌ಫಾಕ್ಸ್ ಥರ ಇದ್ದರೆ ಅದು ರೋಬೋಟ್ ಅಂತಲೇ ತಿಳಿಯುತ್ತದೆ. ನಿಜ ಹೇಳುವ ಫೈರ್‌ಫಾಕ್ಸ್‌ಗೆ ಸಿಗುವಷ್ಟು ಮರ್ಯಾದೆಯೂ ಸುಳ್ಳು ಹೇಳುವ ಫೈರ್‌ಫಾಕ್ಸ್‌ಗೆ ಸಿಗುವುದಿಲ್ಲ.

ಅದೇ ವಾರ ಇನ್ನೊಂದು ಪೆಟ್ಟು. ಒಬ್ಬ ಹುಡುಗಿಯ ಪರೀಕ್ಷಾ ಶುಲ್ಕ, 850 ಇರಬೇಕು, ಖಾತೆಯಿಂದ ಹೋಯಿತು. ಪೋರ್ಟಲ್‌ಗೆ ವಾಪಸ್ ಬರುವಾಗ ಪುಟ ನಿಂತಿತು. ರಶೀದಿ ಇಲ್ಲ. ಅವತ್ತೇ ಕೊನೇ ದಿನ. ನನ್ನ ಕೈಯಿಂದ ಇನ್ನೊಮ್ಮೆ ಕಟ್ಟಿದೆ. ಹೋದ ದುಡ್ಡು ಎಂಟು ದಿನದ ಮೇಲೆ ಬಂತು. ಪಾವತಿ ಪುಟ ಬೇರೆ ತಾಣದ್ದು, ಅದರ ಕುಕ್ಕಿಯನ್ನು (ತಾಣ ನೆನಪಿಗೆ ಇಟ್ಟುಕೊಳ್ಳುವ ಚಿಕ್ಕ ಕಡತ) ನಾನೇ ಕಟ್ಟುನಿಟ್ಟು ಮಾಡಿಟ್ಟಿದ್ದ ಟ್ರ್ಯಾಕಿಂಗ್ ರಕ್ಷಣೆ ತಡೆದಿತ್ತು. ವಿಳಾಸದ ಪಕ್ಕದ ಗುರಾಣಿ ಗುರುತು ಒತ್ತಿ ಆ ಒಂದು ತಾಣಕ್ಕೆ ರಕ್ಷಣೆ ತೆಗೆದಿದ್ದರೆ ಸಾಕಿತ್ತು. ಆಗ ಗೊತ್ತಿರಲಿಲ್ಲ. ಈಗ ದುಡ್ಡು ಕಟ್ಟುವ ಮೊದಲು ಗುರಾಣಿ ನೋಡದೆ ಮುಂದೆ ಹೋಗುವುದಿಲ್ಲ.

ಮೂರನೇ ತಪ್ಪು ಇನ್ನೂ ದೊಡ್ಡದು. ಬೆರಳಚ್ಚಿನ ಥರ ಬ್ರೌಸರ್‌ನ ಗುರುತನ್ನೂ ಹಿಡಿಯುತ್ತಾರೆ, ಅದನ್ನು ತಡೆಯಲು ರೆಸಿಸ್ಟ್ ಫಿಂಗರ್‌ಪ್ರಿಂಟಿಂಗ್ ಅಂತ ಒಂದು ಆಯ್ಕೆ ಇದೆ. ಸಾರ್ವಜನಿಕ ಕಂಪ್ಯೂಟರ್ ಅಲ್ವಾ, ಒಳ್ಳೆಯದೇ ಅಂತ ಆನ್ ಮಾಡಿದೆ. ಎರಡು ದಿನ ಏನೂ ಗೊತ್ತಾಗಲಿಲ್ಲ. ಮೂರನೇ ದಿನ ಹಳ್ಳಿಯಿಂದ ಒಬ್ಬ ಅಜ್ಜ ಬಂದರು. ಅರ್ಜಿಗೆ ಫೋಟೋ ಹಾಕಬೇಕಿತ್ತು. ನಾನೇ ತೆಗೆದ ಫೋಟೋ, ಬಿಳಿ ಟೋಪಿ, ಹಿಂದೆ ನೀಲಿ ಪರದೆ, ಚೆನ್ನಾಗಿ ಬಂದಿತ್ತು. ಅಪ್‌ಲೋಡ್ ಮಾಡಿದ ಮೇಲೆ ಅಜ್ಜನ ಮುಖದ ಜಾಗದಲ್ಲಿ ಬರೀ ಗೆರೆ. ಗುಲಾಬಿ, ಹಸಿರು, ಹಳದಿ, ಮೇಲಿಂದ ಕೆಳಗೆ ಉದ್ದುದ್ದ ಗೆರೆ, ಕಂಬಳಿ ನೇಯ್ದ ಹಾಗೆ. ಮತ್ತೆ ಹಾಕಿದೆ, ಮತ್ತೆ ಗೆರೆ. ಅಜ್ಜ ಪರದೆ ನೋಡಿ, "ನನ್ನ ಫೋಟೋ ಹಾಳಾಯ್ತಾ ತಮ್ಮಾ?" ಅಂದರು. ನನಗೆ ಹೊಟ್ಟೆಯಲ್ಲಿ ಕಿವುಚಿದ ಹಾಗಾಯಿತು. ಅವರು ಎರಡು ಬಸ್ ಬದಲಿಸಿ ಬಂದಿದ್ದರು.

ಆಮೇಲೆ ತಿಳಿಯಿತು. ಆ ಪೋರ್ಟಲ್ ಫೋಟೋವನ್ನು ಬ್ರೌಸರ್ ಒಳಗೇ ಕ್ಯಾನ್ವಾಸ್ ಅನ್ನುವ ಚಿತ್ರ ಬಿಡಿಸುವ ಜಾಗದಲ್ಲಿ ಕತ್ತರಿಸಿ ಚಿಕ್ಕದು ಮಾಡುತ್ತದೆ. ಈ ಆಯ್ಕೆ ಆನ್ ಇದ್ದರೆ ಕ್ಯಾನ್ವಾಸ್‌ನಿಂದ ವಾಪಸ್ ಓದುವಾಗ ಬೇಕೆಂದೇ ಕಲಸುಮೇಲೋಗರ ಬಣ್ಣ ಬರುತ್ತದೆ. ಅದೇ ಆಯ್ಕೆ ಗಡಿಯಾರವನ್ನೂ ನಮಗಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿಗೆ ತಿರುಗಿಸಿತ್ತು. ಒಂದು ಕಡೆ ಬೆಳಗ್ಗೆ 10:30ರ ಸ್ಲಾಟ್ 5:00 ಅಂತ ತೋರಿಸುತ್ತಿತ್ತು. ಪುಣ್ಯಕ್ಕೆ ಯಾರಿಗೂ ಆ ಸ್ಲಾಟ್ ತೆಗೆದುಕೊಟ್ಟಿರಲಿಲ್ಲ. ಎರಡನ್ನೂ ಒಂದೇ ಸಂಜೆ ಸರಿ ಮಾಡಿದೆ. ಅಜ್ಜನ ಅರ್ಜಿ ವಿಂಡೋಸ್ ಮೆಷಿನ್‌ನಲ್ಲಿ ಮುಗಿಸಿಕೊಟ್ಟೆ, ದುಡ್ಡು ತೆಗೆದುಕೊಳ್ಳಲಿಲ್ಲ.

ಆ ರಾತ್ರಿ ಬಾಗಿಲು ಹಾಕಿಕೊಂಡು ಎಲ್ಲ ಅಳಿಸಿ ಹೊಸದಾಗಿ ಶುರು ಮಾಡಿದೆ. ಈಗ ಓಡುತ್ತಿರುವುದು ಅದೇ.

ಪ್ರತಿ ಮೆಷಿನ್‌ನಲ್ಲಿ ಎರಡು ಪ್ರೊಫೈಲ್. ಒಂದರ ಹೆಸರು "ಕೆಲಸ". ಅದರಲ್ಲಿ ಕಂಟೈನರ್ ಮತ್ತು ಜಾಹೀರಾತು ತಡೆಯುವ ಯೂಬ್ಲಾಕ್ ಆರಿಜಿನ್ ಬಿಟ್ಟು ಬೇರೆ ಏನೂ ಇಲ್ಲ. ಅಬೌಟ್ ಕಾನ್ಫಿಗ್ ಮುಟ್ಟಿಲ್ಲ. ಫೈರ್‌ಫಾಕ್ಸ್ ತನ್ನ ನಿಜವಾದ ಹೆಸರನ್ನೇ ಹೇಳುತ್ತದೆ. ಮನುಷ್ಯ ಪರೀಕ್ಷೆಯ ಪುಟಗಳು ನೂರಕ್ಕೆ ತೊಂಬತ್ತು ಕಡೆ ಅಷ್ಟಕ್ಕೇ ಬಿಟ್ಟುಕೊಟ್ಟವು. ಉಳಿದ ಹತ್ತಕ್ಕೆ ಕುಕ್ಕಿ ಅಳಿಸುವ ಒಂದು ಕ್ರಮ ಕಂಡುಕೊಂಡಿದ್ದೇನೆ. ಅದು ನನ್ನ ಅಂಗಡಿಯ ಗುಟ್ಟು, ಇಲ್ಲಿ ಬರೆಯುವುದಿಲ್ಲ.

ಎರಡನೇ ಪ್ರೊಫೈಲ್ "ಹಠ". ಬರೀ ಹೆಸರು ನೋಡಿ ಬಾಗಿಲು ಹಾಕುವ ತಾಣಗಳಿಗೆ ಇದು. ಇದರಲ್ಲಿ ಯೂಸರ್ ಏಜೆಂಟ್ ಬದಲಿಸುವ ಎಕ್ಸ್‌ಟೆನ್ಷನ್ ಇದೆ, ಆದರೆ ಪಟ್ಟಿಯಲ್ಲಿ ಹಾಕಿದ ವಿಳಾಸಗಳಿಗೆ ಮಾತ್ರ. ಪಟ್ಟಿಯಲ್ಲಿ ಮೊದಲು ಏಳು ಇದ್ದವು, ಈಗ ಮೂರು. ಎಲ್ಲ ಕಡೆ ಸುಳ್ಳು ಹೇಳಬೇಡಿ, ಬೇಕಾದ ಕಡೆ ಮಾತ್ರ ಹೇಳಿ. ಎರಡು ವಾರ ನಷ್ಟ ಮಾಡಿಕೊಂಡು ಕಲಿತದ್ದು ಇಷ್ಟೇ. ಆ ಎರಡು ವಾರದಲ್ಲಿ ನಾಲ್ಕು, ನಾಲ್ಕೂವರೆ ಸಾವಿರ ಹೋಗಿರಬೇಕು.

ಬೂದು ಗುಂಡಿಯ ಬ್ಯಾಂಕ್‌ದು ಇನ್ನೂ ಸುಲಭ. ಪುಟದ ಒಳಗಿನ ಕೋಡ್ ತೋರಿಸುವ ಇನ್‌ಸ್ಪೆಕ್ಟರ್ ತೆರೆದು ನೋಡಿದರೆ ಪುಟದ ಮೇಲೆ ಒಂದು ತೆಳು ಪರದೆ ಹಾಸಿದ್ದಾರೆ, ಅಷ್ಟೇ. ಅದರಡಿ ಲಾಗಿನ್ ಪೂರ್ತಿ ಕೆಲಸ ಮಾಡುತ್ತದೆ. ಆ ಪರದೆಯ ಕೋಡ್ ತುಂಡು ಅಳಿಸಿದೆ, ಗುಂಡಿಗೆ ಜೀವ ಬಂತು. ಆಮೇಲೆ ಯೂಬ್ಲಾಕ್‌ನಲ್ಲಿ ಒಂದು ಸಾಲಿನ ಫಿಲ್ಟರ್ ಬರೆದಿಟ್ಟೆ, ಇನ್ನು ಅದು ಮೇಲೇಳುವುದೇ ಇಲ್ಲ. ಫೈರ್‌ಫಾಕ್ಸ್‌ಗೆ ಆ ಲಾಗಿನ್ ಆಗುವುದಿಲ್ಲ ಅಂತಲ್ಲ, ಬ್ಯಾಂಕ್‌ನವರು ಯಾರೂ ಪರೀಕ್ಷೆ ಮಾಡಿ ನೋಡಿಲ್ಲ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ಒಂದು ಮಧ್ಯಾಹ್ನ ಕೂತು ನೋಡಿದ್ದರೆ ಆ ಪರದೆಯೇ ಬೇಕಿರಲಿಲ್ಲ.

ಡಿಜಿಟಲ್ ಸಹಿ ಬಗ್ಗೆ ಬಹಳ ಜನ ಕೇಳುತ್ತಾರೆ. ಡಾಂಗಲ್‌ನ ಸಾಫ್ಟ್‌ವೇರ್ ನಮ್ಮ ಮೆಷಿನ್‌ನಲ್ಲೇ 127.0.0.1ರಲ್ಲಿ (ಮೆಷಿನ್ ತನ್ನನ್ನೇ ಕರೆಯುವ ವಿಳಾಸ) ಕೂತಿರುತ್ತದೆ, ಪೋರ್ಟಲ್ ಅದರ ಜೊತೆ ಮಾತಾಡುತ್ತದೆ. ಅದರ ಸರ್ಟಿಫಿಕೇಟ್, ಅಂದರೆ ಅದನ್ನು ನಂಬಬಹುದು ಅನ್ನುವ ಗುರುತುಪತ್ರ, ವಿಂಡೋಸ್‌ನ ಪಟ್ಟಿಯಲ್ಲಿರುತ್ತದೆ. ಕ್ರೋಮ್ ಆ ಪಟ್ಟಿ ನೋಡುತ್ತದೆ. ಫೈರ್‌ಫಾಕ್ಸ್‌ಗೆ ತನ್ನದೇ ಪಟ್ಟಿ. ಅದಕ್ಕೇ ಡಾಂಗಲ್ ಹಾಕಿದ್ದರೂ "ಸಂಪರ್ಕ ಆಗಿಲ್ಲ" ಅಂತ ಬರುತ್ತದೆ. ಆ ಸ್ಥಳೀಯ ವಿಳಾಸವನ್ನು ಪೋರ್ಟ್ ನಂಬರ್ ಸಮೇತ ಬೇರೆ ಟ್ಯಾಬ್‌ನಲ್ಲಿ ಒಮ್ಮೆ ತೆರೆಯಿರಿ, ಎಚ್ಚರಿಕೆ ಬಂದಾಗ ಒಪ್ಪಿ ಮುಂದುವರಿಯಿರಿ. ಅಷ್ಟೇ. ಫೈರ್‌ಫಾಕ್ಸ್ 120ರಿಂದ ವಿಂಡೋಸ್‌ಗೆ ನಾವು ಸೇರಿಸಿದ ಸರ್ಟಿಫಿಕೇಟ್‌ಗಳನ್ನು ತಾನೇ ಓದುವುದರಿಂದ ಈ ಗೋಳು ಕಡಿಮೆಯಾಗಿದೆ. ಬೆರಳಚ್ಚು ಯಂತ್ರದ್ದೂ ಹೆಚ್ಚುಕಡಿಮೆ ಇದೇ ಕಥೆ. ಪೋರ್ಟಲ್ 11100ರಿಂದ 11120ರವರೆಗೆ ಒಂದೊಂದೇ ಪೋರ್ಟ್ ತಟ್ಟಿ ಯಂತ್ರವನ್ನು ಹುಡುಕುತ್ತದೆ. ಲಿನಕ್ಸ್‌ನಲ್ಲಿ ಇದನ್ನು ಓಡಿಸಲು ಒಂದು ಭಾನುವಾರ ಪೂರ್ತಿ ಕಳೆದೆ, ಆಗಲಿಲ್ಲ, ಬಿಟ್ಟೆ.

ಮಧ್ಯೆ ಒಂದು ಹಳೇ ನೆಟ್‌ಬುಕ್ ಸಿಕ್ಕಿತ್ತು, ಆಟಂ ಪ್ರೊಸೆಸರ್, 2 ಜಿಬಿ. ಕುತೂಹಲಕ್ಕೆ ಅದರಲ್ಲಿ ಪೇಲ್ ಮೂನ್ ಬ್ರೌಸರ್ ಹಾಕಿದೆ. ಹಗುರ, ಹಳೇ ಫೈರ್‌ಫಾಕ್ಸ್ ಮುಖ, ನನಗೆ ಬಹಳ ಇಷ್ಟವಾಯಿತು. ಪುಟ ಬಿಡಿಸಿ ತೋರಿಸುವ ಅದರ ಎಂಜಿನ್ ಗೊವಾನಾ, ಫೈರ್‌ಫಾಕ್ಸ್‌ನ ಎಂಜಿನ್ ಗೆಕ್ಕೋದಿಂದ ಕವಲೊಡೆದದ್ದು. ಸುದ್ದಿ, ಮೇಲ್ ನೋಡಲು ಸಾಕು. ಆದರೆ ಮನುಷ್ಯ ಪರೀಕ್ಷೆಯ ಪುಟ ಅದಕ್ಕೆ ದಾರಿಯನ್ನೇ ಬಿಡಲಿಲ್ಲ. ಗೆರೆ ಸುತ್ತುತ್ತದೆ, ನಿಲ್ಲುತ್ತದೆ, ಮತ್ತೆ ಸುತ್ತುತ್ತದೆ. ಫಾಲ್ಕನ್ ಬ್ರೌಸರ್ ಹಾಕಿದಾಗ ಸಲೀಸಾಗಿ ಹೋಯಿತು, ಯಾಕೆಂದರೆ ಅದರ ಒಳಗಿರುವುದು ಕ್ರೋಮ್‌ಗೆ ಬುನಾದಿಯಾದ ಕ್ರೋಮಿಯಂನದೇ ಎಂಜಿನ್. ವಿವಾಲ್ಡಿ ಬ್ರೌಸರ್‌ನವರು 2019ರ ಡಿಸೆಂಬರ್‌ನಲ್ಲಿ ತಮ್ಮ ಹೆಸರನ್ನೇ ಯೂಸರ್ ಏಜೆಂಟ್‌ನಿಂದ ತೆಗೆದು ಕ್ರೋಮ್ ಅಂತ ಹೇಳಿಕೊಳ್ಳಲು ಶುರು ಮಾಡಿದರು, ಹೆಸರು ಕಂಡರೆ ತಾಣಗಳು ತಡೆಯುತ್ತಿದ್ದವು ಅಂತ. ಕ್ರೋಮ್‌ನ ಸಾಲನ್ನೂ ಒಮ್ಮೆ ಓದಿ ನೋಡಿ. ಶುರುವಾಗುವುದೇ ಮೊಝಿಲ್ಲಾ 5.0 ಅಂತ, ನಡುವೆ "ಗೆಕ್ಕೋ ಥರ", ಕೊನೆಗೆ ಸಫಾರಿ. ಹಿಂದೆ ಅದಕ್ಕೂ ಬೇರೆಯವರ ಹೆಸರು ಹೇಳದೆ ಒಳಗೆ ಹೋಗಲು ಆಗುತ್ತಿರಲಿಲ್ಲ.

ಈ ಹಠ ನನಗೆ ಸುಮ್ಮನೆ ಬಂದದ್ದಲ್ಲ. ಅಂಗಡಿ ಶುರು ಮಾಡಿದ ಕಾಲದಲ್ಲಿ ಎಲ್ಲವೂ ಇಂಟರ್ನೆಟ್ ಎಕ್ಸ್‌ಪ್ಲೋರರ್. ಅದರಲ್ಲಿ ಮಾತ್ರ ಓಡುವ ಆಕ್ಟಿವ್‌ಎಕ್ಸ್ ಇಲ್ಲದೆ ಡಿಜಿಟಲ್ ಸಹಿ ಆಗುತ್ತಿರಲಿಲ್ಲ. ಪುಟದ ಜೊತೆ ಫಾಂಟ್ ಕಳಿಸುವ ಇಒಟಿ ಅಂತ ಒಂದಿತ್ತು. ಅದನ್ನು ನಂಬಿದ ಕನ್ನಡ ಪುಟಗಳು ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ಕನ್ನಡವಾಗಿ ಕಾಣುತ್ತಿದ್ದವು. ಫೈರ್‌ಫಾಕ್ಸ್‌ನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಅದರ ತಲೆ ಮೇಲೆ ಸೊಟ್ಟ ಚಿಹ್ನೆ. ನಮ್ಮ ಭಾಷೆ ಒಂದು ಕಂಪನಿಯ ಬ್ರೌಸರ್ ಇದ್ದರೆ ಮಾತ್ರ ಓದಲು ಸಿಗುತ್ತಿತ್ತು. ಯೂನಿಕೋಡ್ ಬಂದು ಆ ಕಷ್ಟ ತಪ್ಪಿತು. 2022ರ ಜೂನ್ 15ಕ್ಕೆ ಎಕ್ಸ್‌ಪ್ಲೋರರ್ 11ರ ಬೆಂಬಲ ನಿಂತ ದಿನವೂ ನನ್ನ ಮೂಲೆಯ ಮೆಷಿನ್‌ನಲ್ಲಿ ಎರಡು ಪೋರ್ಟಲ್‌ಗೆ ಅದೇ ಬೇಕಿತ್ತು. ಈಗ ಅದೇ ಜಾಗದಲ್ಲಿ ಕ್ರೋಮ್ ಕೂತಿದೆ. ಎಡ್ಜ್ ಕೂಡ 2020ರಿಂದ ಕ್ರೋಮಿಯಂ. ಒಪೆರಾ 2013ರಲ್ಲೇ ತನ್ನ ಎಂಜಿನ್ ಬಿಟ್ಟಿತು. ಉಳಿದಿರುವ ಬೇರೆಯವರನ್ನೂ ನಾವೇ ತಳ್ಳಿಬಿಟ್ಟರೆ ಹೇಗೆ?

ಬಿಳಿ ಪುಟದ ಪೋರ್ಟಲ್‌ಗೆ ಮೂರು ಮೇಲ್ ಬರೆದೆ. ಮೊದಲೆರಡಕ್ಕೆ ಒಂದೇ ಉತ್ತರ: ಕ್ಯಾಶ್ ಕ್ಲಿಯರ್ ಮಾಡಿ, ಕ್ರೋಮ್ ಬಳಸಿ. ಮೂರನೆಯದರಲ್ಲಿ ದೂರು ಬರೆಯಲಿಲ್ಲ. ಅವರ ಸ್ಕ್ರಿಪ್ಟ್‌ನಲ್ಲಿ "ಕ್ರೋಮ್" ಎಂಬ ಪದ ಹುಡುಕುವ ಸಾಲು ಯಾವುದು, ಎಷ್ಟನೇ ಸಾಲು ಅಂತ ಕಾಪಿ ಮಾಡಿ ಹಾಕಿದೆ. ಜೊತೆಗೆ ಫೈರ್‌ಫಾಕ್ಸ್‌ನಲ್ಲಿ ಅದೇ ಅರ್ಜಿ ಮೊದಲಿನಿಂದ ರಶೀದಿವರೆಗೆ ಹೋದ ಆರು ಸ್ಕ್ರೀನ್‌ಶಾಟ್, ಗಿರಾಕಿಯ ಹೆಸರು, ನಂಬರ್ ಮುಚ್ಚಿ. ಉತ್ತರ ಬರಲಿಲ್ಲ. ಐದು ವಾರದ ಮೇಲೆ ಒಂದು ಬೆಳಗ್ಗೆ "ಕೆಲಸ" ಪ್ರೊಫೈಲ್‌ನಲ್ಲಿ ತಪ್ಪಿ ಆ ವಿಳಾಸ ಒತ್ತಿದೆ. ಪುಟ ತೆರೆಯಿತು. ಆ ಸಾಲು ಇರಲಿಲ್ಲ.

ಎಲ್ಲ ಗೆದ್ದಿದ್ದೇನೆ ಅಂತಲ್ಲ. ವಿಡಿಯೋ ಮೂಲಕ ಗುರುತು ನೋಡುವ ಒಂದು ತಾಣ ಏನು ಮಾಡಿದರೂ ಫೈರ್‌ಫಾಕ್ಸ್‌ನಲ್ಲಿ ಕ್ಯಾಮೆರಾ ತೆರೆಯುವುದಿಲ್ಲ. ಅದಕ್ಕೆ ಬಾಗಿಲ ಪಕ್ಕದ ಮೆಷಿನ್‌ನಲ್ಲಿ ಕ್ರೋಮಿಯಂ ಇಟ್ಟಿದ್ದೇನೆ. ಮೊದಲು ದಿನಕ್ಕೆ ಇಪ್ಪತ್ತು ಸಲ ತೆರೆಯುತ್ತಿದ್ದೆ, ಈಗ ವಾರಕ್ಕೆ ನಾಲ್ಕು ಸಲ. ಅವರಿಗೂ ಮೇಲ್ ಹೋಗಿದೆ, ಎರಡನೆಯದು.