ಕಮಿಟ್ ಆಕ್ಸೆಸ್ ಆಮೇಲೆ, ಮೊದಲು ನಿಮ್ಮ ಇಮೇಲ್ ನೋಡಿಕೊಳ್ಳಿ

ಕಳೆದ ಭಾನುವಾರ ತಂಗಿಯ ಮಗ ವಿಜಯನಗರದ ನಮ್ಮ ಮನೆಗೆ ಲ್ಯಾಪ್‌ಟಾಪ್ ಸಮೇತ ಬಂದ. "ದೊಡ್ಡಮ್ಮ, ಒಂದು ಓಪನ್ ಸೋರ್ಸ್ ಆ್ಯಪ್‌ಗೆ ಕನ್ನಡ ಅನುವಾದ ಕಳಿಸ್ಬೇಕು. ಆಕ್ಸೆಸ್ ಕೊಡಿ ಅಂತ ಮೂರು ಸಲ ಮೇಲ್ ಹಾಕಿದೆ. ಉತ್ತರಾನೇ ಇಲ್ಲ" ಅಂದ. ಬರೋದೂ ಇಲ್ಲ ಕಣೋ, ಅಂದೆ.

ಅವನು ಕೇಳಿದ್ದು ಕಮಿಟ್ ಆಕ್ಸೆಸ್, ಅಂದರೆ ಪ್ರಾಜೆಕ್ಟ್‌ನ ಫೈಲ್‌ಗಳನ್ನು ನೇರವಾಗಿ ಬದಲಿಸುವ ಅನುಮತಿ. ಆ ಫೈಲ್‌ಗಳೆಲ್ಲ ಇರುವ ಉಗ್ರಾಣಕ್ಕೆ ರೆಪೋ ಅಂತಾರೆ. ಗುರುತಿಲ್ಲದವರಿಗೆ ರೆಪೋದ ಬೀಗದ ಕೈ ಯಾರು ಕೊಡ್ತಾರೆ? ಮೊದಲ ಬದಲಾವಣೆಗೆ ಅದು ಬೇಕಾಗುವುದೂ ಇಲ್ಲ. ಇಂಥ ರೆಪೋಗಳನ್ನು ಇಡುವ ಗಿಟ್‌ಹಬ್ ತಾಣದಲ್ಲಿ ಫೋರ್ಕ್ ಅನ್ನುವ ಗುಂಡಿ ಒತ್ತಿ. ರೆಪೋದ ಒಂದು ಪ್ರತಿ ನಿಮ್ಮ ಖಾತೆಗೆ ಬರುತ್ತದೆ. ಅಲ್ಲಿ ಏನು ಬೇಕಾದರೂ ಮಾಡಿ, ಆಮೇಲೆ ಪುಲ್ ರಿಕ್ವೆಸ್ಟ್ ಕಳಿಸಿ, ಅಂದರೆ ನನ್ನ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ.

ಮುಂದಿನದ್ದೆಲ್ಲ ಅವನಿಗೆ ಬಾಯಲ್ಲಿ ಹೇಳಿಕೊಟ್ಟ ಹಾಗೇ ಬರೆದಿದ್ದೇನೆ. ಕಮಾಂಡ್‌ಗಳನ್ನು ನೀವು ಇಂಗ್ಲಿಷ್‌ನಲ್ಲೇ ಟೈಪ್ ಮಾಡಬೇಕು, ಅಷ್ಟೇ.

ಶುರು ಮಾಡಬೇಕಾದ್ದು ಹೆಸರು, ಇಮೇಲ್‌ನಿಂದ. ಇದರಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಹಿಂದೆ ಒಂದು ಕಂಪನಿಯಲ್ಲಿದ್ದಾಗ ಅತ್ತಿಗುಪ್ಪೆಯಿಂದ ವೈಟ್‌ಫೀಲ್ಡ್‌ವರೆಗೆ ಮೆಟ್ರೋದಲ್ಲಿ ಕೂತು, ಒಂದು ಪ್ರಾಜೆಕ್ಟ್‌ನ ದಾಖಲೆಗಳನ್ನು ತಿದ್ದುತ್ತಿದ್ದೆ. ಲ್ಯಾಪ್‌ಟಾಪ್‌ನಲ್ಲಿ ಗಿಟ್‌ಗೆ (ಬದಲಾವಣೆಗಳ ಲೆಕ್ಕ ಇಡುವ ತಂತ್ರಾಂಶ) ಗೊತ್ತಿದ್ದದ್ದು ಆಫೀಸಿನ ಇಮೇಲ್ ಮಾತ್ರ. ಹನ್ನೊಂದು ಕಮಿಟ್ (ಗಿಟ್‌ನಲ್ಲಿ ದಾಖಲಾದ ಬದಲಾವಣೆ) ಅದೇ ವಿಳಾಸ ಹೊತ್ತುಕೊಂಡು ಹೋದವು, ಮರ್ಜ್ ಕೂಡ ಆದವು, ಅಂದರೆ ಮೂಲ ರೆಪೋಗೆ ಸೇರಿಬಿಟ್ಟವು. ಮ್ಯಾನೇಜರ್ ಕರೆದು "ಇದು ಆಫೀಸ್ ಟೈಮಲ್ಲಿ ಮಾಡಿದ್ದಾ?" ಅಂತ ಕೇಳಿದರು. ಅಳಿಸೋಣ ಅಂದರೆ ಆಗುವುದಿಲ್ಲ. ಬರೆದವರ ಇಮೇಲ್ ಕೂಡ ಸೇರಿಯೇ ಕಮಿಟ್‌ನ ಹ್ಯಾಶ್, ಅಂದರೆ ಅದರ ಗುರುತಿನ ಸಂಖ್ಯೆ, ಲೆಕ್ಕವಾಗುತ್ತದೆ. ಒಂದು ಅಕ್ಷರ ಬದಲಾದರೂ ಅಲ್ಲಿಂದ ಮುಂದಿನ ಎಲ್ಲ ಹ್ಯಾಶ್‌ಗಳೂ ಬದಲಾಗುತ್ತವೆ. ನನ್ನೊಬ್ಬಳಿಗಾಗಿ ಪ್ರಾಜೆಕ್ಟ್ ನೋಡಿಕೊಳ್ಳುವ ಯಾವ ಮೇಂಟೇನರ್ ಅಷ್ಟು ಕಷ್ಟಪಡುತ್ತಾರೆ?

ಈಗ ನನ್ನ ಹೋಮ್ ಫೋಲ್ಡರ್‌ನಲ್ಲಿ ಎರಡು ಫೋಲ್ಡರ್ ಇವೆ. ಒಂದು ಆಫೀಸ್, ಇನ್ನೊಂದು ಸ್ವಂತ. ಗಿಟ್‌ನ ಸೆಟ್ಟಿಂಗ್‌ಗಳಿರುವ ಡಾಟ್ ಗಿಟ್‌ಕಾನ್ಫಿಗ್ ಫೈಲ್‌ನಲ್ಲಿ ಸ್ವಂತ ಇಮೇಲ್ ಹಾಕಿದ್ದೇನೆ. ಅದೇ ಫೈಲ್‌ನ ಕೊನೆಗೆ 'ಇನ್‌ಕ್ಲೂಡ್‌ಇಫ್' ಅನ್ನುವ ಭಾಗ ಸೇರಿಸಿ, ಗಿಟ್‌ಡಿರ್ (ರೆಪೋ ಇರುವ ಜಾಗ) ಆಫೀಸ್ ಫೋಲ್ಡರ್ ಆಗಿದ್ದರೆ ಇನ್ನೊಂದು ಪುಟ್ಟ ಕಾನ್ಫಿಗ್ ಫೈಲ್ ಓದು ಅಂತ ಹೇಳಿದ್ದೇನೆ. ಆಫೀಸ್ ಇಮೇಲ್ ಇರುವುದು ಆ ಪುಟ್ಟ ಫೈಲ್‌ನಲ್ಲಿ. ಫೋಲ್ಡರ್ ಹೆಸರಿನ ಕೊನೆಗೆ ಸ್ಲ್ಯಾಶ್ ಹಾಕದೇ ಹೋದರೆ ಒಳಗಿನ ರೆಪೋಗಳಿಗೆ ಇದು ತಾಗುವುದೇ ಇಲ್ಲ. ಆ ಒಂದು ಸ್ಲ್ಯಾಶ್ ನನ್ನ ಒಂದಿಡೀ ಸಂಜೆ ತಿಂದಿದೆ. ಈ ಸೌಲಭ್ಯಕ್ಕೆ ಗಿಟ್ 2.13 ಅಥವಾ ಅದಕ್ಕಿಂತ ಹೊಸದು ಬೇಕು. ಮುಗಿದ ಮೇಲೆ ಎರಡೂ ಕಡೆಯ ಒಂದೊಂದು ರೆಪೋ ಒಳಗೆ ಹೋಗಿ 'ಗಿಟ್ ಕಾನ್ಫಿಗ್ ಯೂಸರ್ ಡಾಟ್ ಇಮೇಲ್' ಕೊಟ್ಟು ನೋಡಿ. ಸ್ವಂತ ಇಮೇಲ್ ಕೂಡ ಊರಿಗೆಲ್ಲ ಕಾಣಬಾರದು ಅಂದರೆ ಗಿಟ್‌ಹಬ್‌ನ ಇಮೇಲ್ ಸೆಟ್ಟಿಂಗ್‌ನಲ್ಲಿ 'ನೋರಿಪ್ಲೈ' ವಿಳಾಸ ಸಿಗುತ್ತದೆ. ಅದನ್ನೇ ಹಾಕಿಕೊಳ್ಳಿ.

ಇನ್ನು ಕೀ, ಅಂದರೆ ಪಾಸ್‌ವರ್ಡ್ ಬದಲು ನಿಮ್ಮನ್ನು ಗುರುತಿಸುವ ಎಸ್‌ಎಸ್‌ಎಚ್ ಕೀ. 2021ರ ಆಗಸ್ಟ್ 13ರಿಂದ ಗಿಟ್‌ಹಬ್‌ಗೆ ಪಾಸ್‌ವರ್ಡ್ ಕೊಟ್ಟು ಪುಶ್ ಮಾಡಲು (ಬದಲಾವಣೆ ಕಳಿಸಲು) ಆಗುವುದಿಲ್ಲ. 'ಎಸ್‌ಎಸ್‌ಎಚ್-ಕೀಜೆನ್ -ಟಿ ಇಡಿ25519' ಅಂತ ಕೊಡಿ. ಎರಡು ಫೈಲ್ ಹುಟ್ಟುತ್ತವೆ. ಕೊನೆಗೆ ಡಾಟ್ ಪಬ್ ಇರುವುದನ್ನು ಗಿಟ್‌ಹಬ್‌ಗೆ ಹಾಕಿ. ಇನ್ನೊಂದನ್ನು ಯಾರಿಗೂ ಕೊಡಬೇಡಿ, ವಾಟ್ಸ್‌ಆ್ಯಪ್‌ನಲ್ಲಿ ನಿಮಗೆ ನೀವೇ ಕಳಿಸಿಕೊಳ್ಳಲೂ ಬೇಡಿ. ಕೀ ಪರೀಕ್ಷೆ ಮಾಡಿದಾಗ ಗಿಟ್‌ಹಬ್ ನಿಮ್ಮ ಹೆಸರು ಹೇಳಿ, ಲಾಗಿನ್ ಸರಿಯಾಗಿದೆ ಆದರೆ ಶೆಲ್ (ಕಮಾಂಡ್ ಕೊಡುವ ಜಾಗ) ಕೊಡುವುದಿಲ್ಲ ಅನ್ನುತ್ತದೆ. ನಮ್ಮ ಹುಡುಗ ಅದನ್ನು ನೋಡಿ ಬೆಚ್ಚಿಬಿದ್ದ. ಗಾಬರಿ ಬೇಡ, ಕೀ ಸರಿಯಾಗಿದೆ ಅಂತಲೇ ಅರ್ಥ.

ಕ್ಲೋನ್ ಮಾಡುವಾಗ (ರೆಪೋವನ್ನು ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳುವಾಗ) ನಿಮ್ಮ ಫೋರ್ಕ್ ಅನ್ನೇ ಮಾಡಿ, ಅದು 'ಒರಿಜಿನ್' ಆಗುತ್ತದೆ. ಮೂಲ ರೆಪೋವನ್ನು 'ಅಪ್‌ಸ್ಟ್ರೀಮ್' ಅಂತ ಸೇರಿಸಿ. ಹೊಸದನ್ನು ಅಪ್‌ಸ್ಟ್ರೀಮ್‌ನಿಂದ ತರುವುದು, ನಿಮ್ಮದನ್ನು ಒರಿಜಿನ್‌ಗೆ ಕಳಿಸುವುದು. ಪ್ರತಿ ಕೆಲಸಕ್ಕೂ ಬೇರೆ ಬ್ರಾಂಚ್ (ಕವಲು) ಮಾಡಿ. ಮೇನ್ ಅನ್ನುವ ಮುಖ್ಯ ಕವಲನ್ನು ಮುಟ್ಟಲೇಬೇಡಿ.

ಅವನು ಅನುವಾದ ಮುಗಿಸಿ, ಏನೇನು ಬದಲಾಗಿದೆ ಅಂತ ತೋರಿಸುವ 'ಗಿಟ್ ಡಿಫ್' ಕೊಟ್ಟ. ಬದಲಿಸಿದ್ದು ನಾಲ್ಕೇ ಸಾಲು, ಫೈಲ್ ಪೂರ್ತಿ ಕೆಂಪು ಹಸಿರು. ವಿಂಡೋಸ್‌ನ ಎಡಿಟರ್ ಪ್ರತಿ ಸಾಲಿನ ಕೊನೆಯನ್ನೂ ತನ್ನ ಪದ್ಧತಿಗೆ ಬದಲಿಸಿಬಿಟ್ಟಿತ್ತು. 'ಕೋರ್ ಡಾಟ್ ಆಟೋಸಿಆರ್‌ಎಲ್‌ಎಫ್' ಅನ್ನು ಟ್ರೂ ಮಾಡಿದೆವು. ನಾಲ್ಕು ಸಾಲು ಮಾತ್ರ ಉಳಿದವು. ಡಿಫ್ ನೋಡದೆ ಕಳಿಸಿದ್ದರೆ ಮೇಂಟೇನರ್ ಓದದೇ ಮುಚ್ಚುತ್ತಿದ್ದರು, ಅದರಲ್ಲಿ ತಪ್ಪೇನೂ ಇಲ್ಲ ಬಿಡಿ.

ನಮ್ಮಂಥವರಿಗೇ ಇರುವ ಇನ್ನೊಂದು ಕಾಟ ಇದೆ. ಫೈಲ್ ಹೆಸರು ಕನ್ನಡದಲ್ಲಿದ್ದರೆ 'ಗಿಟ್ ಸ್ಟೇಟಸ್' ಕಮಾಂಡ್ ಅದನ್ನು ಬರೀ ಅಂಕಿಗಳಲ್ಲಿ ತೋರಿಸುತ್ತದೆ. 'ಕ' ಅನ್ನುವ ಒಂದು ಅಕ್ಷರಕ್ಕೆ \340\262\225! ಫೈಲ್ ಹಾಳಾಗಿದೆ ಅಂದುಕೊಂಡು ಅಳಿಸಿದವರನ್ನು ನೋಡಿದ್ದೇನೆ. 'ಕೋರ್ ಡಾಟ್ ಕೋಟ್‌ಪಾತ್' ಅನ್ನು ಫಾಲ್ಸ್ ಮಾಡಿ, ಕನ್ನಡ ಕನ್ನಡವಾಗಿಯೇ ಕಾಣುತ್ತದೆ.

ಎಲ್ಲ ಪ್ರಾಜೆಕ್ಟೂ ಗಿಟ್‌ಹಬ್ ದಾರಿಯಲ್ಲೇ ನಡೆಯುವುದಿಲ್ಲ. ಲಿಬ್ರೆಆಫೀಸ್‌ನ ಕೋಡ್ ಬದಲಾವಣೆಗಳನ್ನು ಗೆರಿಟ್ ಅನ್ನುವ ಪರಿಶೀಲನೆಯ ತಾಣದ ಮೂಲಕ ಕಳಿಸಬೇಕು. ಲಿನಕ್ಸ್ ಕರ್ನಲ್‌ಗೆ ಪ್ಯಾಚ್ (ಬದಲಾವಣೆ) ಇಮೇಲ್‌ನಲ್ಲೇ ಹೋಗುತ್ತದೆ, ಕಮಿಟ್ ಮಾಡುವಾಗ '-ಎಸ್' ಹಾಕಿ 'ಸೈನ್ಡ್ ಆಫ್ ಬೈ' ಸಾಲು ಸೇರಿಸಬೇಕು. ರೆಪೋದಲ್ಲಿ 'ಕಾಂಟ್ರಿಬ್ಯೂಟಿಂಗ್' ಅನ್ನುವ ಫೈಲ್ ಇದ್ದರೆ ಮೊದಲು ಅದನ್ನು ಓದಿ.

"ಹಂಗಾದ್ರೆ ಆಕ್ಸೆಸ್ ಯಾವಾಗ ಸಿಗುತ್ತೆ?" ಅಂತ ಮತ್ತೆ ಕೇಳಿದ. ತಿಂಗಳುಗಟ್ಟಲೆ ಕಳಿಸುತ್ತಾ ಇರು, ಬೇರೆಯವರ ಪುಲ್ ರಿಕ್ವೆಸ್ಟ್‌ಗಳನ್ನೂ ಓದಿ ಅಭಿಪ್ರಾಯ ಹೇಳು, ಸಾಮಾನ್ಯವಾಗಿ ಅವರೇ ಕರೀತಾರೆ, ಅಂದೆ. 2024ರ ಮಾರ್ಚ್‌ನಲ್ಲಿ ಬಯಲಾದ ಎಕ್ಸ್‌ಝಡ್ (ಫೈಲ್ ಕುಗ್ಗಿಸುವ ತಂತ್ರಾಂಶ) ಪ್ರಕರಣದ ಕಥೆಯನ್ನೂ ಹೇಳಿದೆ. ಒಂದು ಖಾತೆ ಎರಡು ವರ್ಷಕ್ಕೂ ಜಾಸ್ತಿ ಒಳ್ಳೆಯ ಕೆಲಸ ಮಾಡಿ, ನಂಬಿಕೆ ಗಳಿಸಿ, ಮೇಂಟೇನರ್ ಆಗಿ, ಕೊನೆಗೆ ಹಿಂಬಾಗಿಲು ಇಟ್ಟಿತ್ತು. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ನಿಧಾನ ಆದದ್ದನ್ನು ಆಂಡ್ರೆಸ್ ಫ್ರೂಂಡ್ ಅನ್ನುವ ಎಂಜಿನಿಯರ್ ಗಮನಿಸಿದ್ದರಿಂದ ಸಿಕ್ಕಿಬಿತ್ತು. ಆಮೇಲೆ ಮೇಂಟೇನರ್‌ಗಳಿಗೆ ಅನುಮಾನ ಇರೋದು ಸಹಜ, ಅಲ್ವಾ?

ಸಂಜೆ ಕಾಫಿ ಹೊತ್ತಿಗೆ ಅವನ ಪುಲ್ ರಿಕ್ವೆಸ್ಟ್ ಹೋಯಿತು. ಬುಧವಾರ ಉತ್ತರ ಬಂತು: ಬೇರೆ ಎಲ್ಲ ಕಡೆ 'ಫೈಲ್' ಅಂತಿದೆ, ನೀವು ಇಲ್ಲಿ 'ಕಡತ' ಅಂತ ಯಾಕೆ ಹಾಕಿದಿರಿ? ಅವನು ಇನ್ನೂ ವಾದ ಮಾಡುತ್ತಿದ್ದಾನೆ.