ಬಾಬಿನ್ ಮುಗಿಯುವವರೆಗೆ: ಮನೆಯಲ್ಲೇ ಪಾಠ, ಮನೆಯಲ್ಲೇ ಹೊಲಿಗೆ

ಎರಡೂ ತೋಳುಗಳನ್ನು ಎಡಗೈಗೇ ಕತ್ತರಿಸಿಟ್ಟ ದಿನ ನನಗೆ ಬುದ್ಧಿ ಬಂದಿತು. ಅದು ಗುಳೇದಗುಡ್ಡದ ಖಣ, ಅಂದರೆ ಕುಪ್ಪಸದ ಬಟ್ಟೆ. ಗಿರಾಕಿಯ ತಾಯಿ ವರ್ಷಗಟ್ಟಲೆ ಟ್ರಂಕಿನಲ್ಲಿ ಜೋಪಾನ ಮಾಡಿದ್ದ ತುಂಡು. ಒಂದು ಕೈಯಲ್ಲಿ ಕತ್ತರಿ ಹಿಡಿದು, ಬಾಯಲ್ಲಿ ಮಗಳಿಗೆ ಮಗ್ಗಿ ಹೇಳಿಸುತ್ತಿದ್ದೆ. ಏಳೆಂಟಲೆ ಎಷ್ಟು ಎಂದು ಕೇಳಿದೆ, ಅವಳು ಐವತ್ತನಾಲ್ಕು ಎಂದಳು, ನಾನು ತಲೆಯೆತ್ತಿ ತಿದ್ದಿದೆ, ಕತ್ತರಿ ತನ್ನ ಪಾಡಿಗೆ ತಾನು ನಡೆದಿತ್ತು. ಖಣಕ್ಕೆ ಒಳಮೈ ಹೊರಮೈ ಬೇರೆ ಇರುವುದರಿಂದ ತಿರುವಿ ಹಾಕಿ ಬಚಾವಾಗುವಂತೆಯೂ ಇರಲಿಲ್ಲ. ಹುಬ್ಬಳ್ಳಿಯ ಜವಳಿ ಸಾಲಿನಲ್ಲಿ ಅಂಗಡಿ ಅಂಗಡಿ ತಿರುಗಿದರೂ ಆ ಬಣ್ಣದ ಜೋಡಿ ಸಿಗಲಿಲ್ಲ. ಹೊಲಿಗೆಯ ಕೂಲಿ ಹೋಯಿತು, ಮೇಲೆ ಹೊಸ ಖಣದ ದುಡ್ಡೂ ಹೋಯಿತು. ಮಗಳು ಮಾತ್ರ ಇವತ್ತಿಗೂ ಏಳೆಂಟಲೆ ಎಂದರೆ ಒಂದು ಕ್ಷಣ ನನ್ನ ಮುಖ ನೋಡಿಯೇ ಐವತ್ತಾರು ಎನ್ನುತ್ತಾಳೆ.

ಧಾರವಾಡದಲ್ಲಿ ನನ್ನಂತೆ ಮಕ್ಕಳನ್ನು ಮನೆಯಲ್ಲೇ ಓದಿಸುತ್ತ, ಮನೆಯಲ್ಲೇ ದುಡಿಯಲು ಹೊರಟ ನಾಲ್ಕಾರು ಮಂದಿಯನ್ನು ಹತ್ತಿರದಿಂದ ನೋಡಿದ್ದೇನೆ. ಒಬ್ಬರು ರೊಟ್ಟಿ, ಹಿಂಡಿ (ಚಟ್ನಿಪುಡಿ) ಮಾಡಿ ಮಾರುತ್ತಾರೆ, ಇನ್ನೊಬ್ಬರು ಕೇಕು, ಮತ್ತೊಬ್ಬರು ಮಕ್ಕಳ ಬಟ್ಟೆ. ಎಲ್ಲರೂ ಎಡವುವುದು ಒಂದೇ ಕಲ್ಲಿಗೆ. ಎರಡನ್ನೂ ಒಟ್ಟಿಗೆ ಮಾಡಬಹುದು ಎಂದುಕೊಳ್ಳುತ್ತಾರೆ. ಒಂದೇ ಮನೆಯಲ್ಲಿ ಮಾಡಬಹುದು, ಒಂದೇ ಗಳಿಗೆಯಲ್ಲಿ ಆಗುವುದಿಲ್ಲ. ಮಕ್ಕಳು ಐದರಿಂದ ಒಂಬತ್ತರ ಒಳಗಿದ್ದಾರೆ ಎಂದುಕೊಂಡು ಬರೆಯುತ್ತಿದ್ದೇನೆ. ನನ್ನವರು ಎಂಟು ಮತ್ತು ಐದು.

ಮೊದಲು ಕಾಗದಪತ್ರ

ಇದಕ್ಕೆ ಒಂದು ಮಧ್ಯಾಹ್ನ ಸಾಕು. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳ ಶಿಕ್ಷಣವನ್ನು ಶಾಲೆಯ ಲೆಕ್ಕದಲ್ಲೇ ನೋಡುತ್ತದೆ, ಮನೆಯಲ್ಲೇ ಓದಿಸುವುದರ ಹೆಸರನ್ನೇ ಎತ್ತುವುದಿಲ್ಲ. ಅದೇ ಕಾಯ್ದೆಯ 4ನೇ ಕಲಂ ಪ್ರಕಾರ, ಶಾಲೆಗೆ ಸೇರದೆ ಉಳಿದ ಮಗುವನ್ನು ಮುಂದೆ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಶಾಲೆಯ ಬಾಗಿಲು ಮುಚ್ಚಿಹೋಯಿತು ಎಂದು ಹೆದರಿಸುವ ಬಂಧುಗಳಿಗೆ ಇದನ್ನು ಹೇಳಿ. ಪ್ರಮಾಣಪತ್ರ ಬೇಕೆಂದರೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಎ, ಬಿ, ಸಿ ಹಂತಗಳಿವೆ. ಅವು 3, 5, 8ನೇ ತರಗತಿಗೆ ಸಮಾನ. ಅದರ ಹತ್ತನೆಯ ಪರೀಕ್ಷೆಗೆ 14 ವರ್ಷ ತುಂಬಿರಬೇಕು. ರಾಜ್ಯದ ಪಠ್ಯಪುಸ್ತಕಗಳು ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ.

ವ್ಯಾಪಾರಕ್ಕೆ ಸಣ್ಣ ಉದ್ದಿಮೆಗಳಿಗೆಂದು ಇರುವ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ. ಸರ್ಕಾರದ ತಾಣದಲ್ಲಿ ಅದಕ್ಕೆ ಒಂದು ಪೈಸೆ ಶುಲ್ಕವಿಲ್ಲ. ಸರ್ಕಾರಿ ಮುಖವಾಡ ಹಾಕಿಕೊಂಡು ಸಾವಿರ, ಎರಡು ಸಾವಿರ ಕೇಳುವ ತಾಣಗಳಿವೆ, ನನ್ನ ಪರಿಚಯದವರೊಬ್ಬರು ಕೊಟ್ಟು ಕೂತಿದ್ದಾರೆ. ತಿನ್ನುವ ಪದಾರ್ಥ ಮಾಡುವವರು ಆಹಾರ ಸುರಕ್ಷತಾ ನೋಂದಣಿ ಪಡೆದು, ಆ 14 ಅಂಕಿಯ ಸಂಖ್ಯೆಯನ್ನು ಹಿಂಡಿಯ ಪೊಟ್ಟಣದ ಮೇಲೆ ಹಾಕಲೇಬೇಕು.

ಜಾಗ

ಬೇರೆ ಕೋಣೆ ಬೇಕಾಗಿಲ್ಲ. ಕತ್ತರಿ ಗೋಡೆಯ ಮೇಲಿನ ಮೊಳೆಗೆ, ಗುಂಡುಸೂಜಿಗಳು ಅಯಸ್ಕಾಂತಕ್ಕೆ, ಇಸ್ತ್ರಿಪೆಟ್ಟಿಗೆ ಮಕ್ಕಳು ಮಲಗಿದ ಮೇಲೆ. ಒಂದು ಗೋಡೆಯ ಕೆಳಭಾಗಕ್ಕೆ ಕಪ್ಪು ಬಣ್ಣ ಬಳಿಸಿ. ಅಕ್ಷರಮಾಲೆ ಅಚ್ಚು ಹಾಕಿದ ಪ್ಲಾಸ್ಟಿಕ್ ಮೇಜು ಕೊಳ್ಳಬೇಡಿ. ಅದರ ಕಾಲು ಒಂದೇ ಮಳೆಗಾಲದಲ್ಲಿ ಸಡಿಲಾಗುತ್ತದೆ, ಅಕ್ಷರ ಅದಕ್ಕೂ ಮೊದಲೇ ಅಳಿಸಿಹೋಗುತ್ತದೆ. ಒಂದು ಮಣೆ ಸಾಕು. ಟ್ಯಾಬ್ ಜೊತೆಗೆ ಮೂರು ವರ್ಷದ ಪಾಠವನ್ನು ಕಂತಿನಲ್ಲಿ ಮಾರಲು ಮನೆಗೆ ಬರುವ ಹುಡುಗನಿಗೆ ಚಹಾ ಕೊಟ್ಟು ಕಳಿಸಿ, ಸಹಿ ಮಾತ್ರ ಮಾಡಬೇಡಿ.

ಕೆಲಸವನ್ನು ಮೂರು ಬುಟ್ಟಿಗೆ ಹಾಕಿ

ವೇಳಾಪಟ್ಟಿ ಬರೆಯುವ ಮೊದಲು ನಿಮ್ಮ ಕೆಲಸದ ಯಾವ ಭಾಗ ನಿಮ್ಮಲ್ಲಿ ಏನನ್ನು ಬೇಡುತ್ತದೆ ಎಂದು ನೋಡಿ. ನನ್ನ ಹೊಲಿಗೆಯಲ್ಲಿ ಅಳತೆ ಹಾಕಿ ಕತ್ತರಿಸುವುದು ತಲೆಯ ಕೆಲಸ. ಮಶಿನ್ ತುಳಿಯುವುದಕ್ಕೆ ತಲೆ ಅಷ್ಟಾಗಿ ಬೇಡ, ಆದರೆ ಕಿವಿ ಹೋಗುತ್ತದೆ, ಪಕ್ಕದಲ್ಲಿ ಮಗು ಓದಿದ್ದು ಕೇಳಿಸುವುದಿಲ್ಲ. ಹುಕ್ಕು ಹಚ್ಚುವುದು, ಫಾಲ್‌ನ ಕೈಹೊಲಿಗೆ, ಸೀರೆಯ ಕುಚ್ಚು ಕಟ್ಟುವುದು ಬರೀ ಕೈಯ ಕೆಲಸ. ಆಗ ಕಿವಿ, ಬಾಯಿ ಎರಡೂ ಖಾಲಿ ಇರುತ್ತವೆ.

ಈಗ ಪಾಠವನ್ನು ಇದರ ಮೇಲೆ ಕೂಡಿಸಿ. ತಲೆಯ ಕೆಲಸ ಮಕ್ಕಳು ಏಳುವ ಮೊದಲು, ಇಲ್ಲವೇ ಅವರು ಹೊರಗೆ ಆಡುವಾಗ. ಹೊಸ ಪಾಠ ಬೆಳಗಿನ ಉಪಾಹಾರದ ನಂತರ, ಮಶಿನ್ನಿನ ಮೇಲಿನ ಬಟ್ಟೆ ತೆಗೆಯುವ ಮೊದಲು. ಕುಚ್ಚು ಕಟ್ಟುವ ಹೊತ್ತಿನಲ್ಲಿ ಗಟ್ಟಿಯಾಗಿ ಓದಿಸುವುದು, ಮಗ್ಗಿ, ಕಥೆ. ಮಗ್ಗಿಗೂ ಕತ್ತರಿಗೂ ಇನ್ನು ನಂಟಿಲ್ಲ. ರೊಟ್ಟಿ ಮಾಡುವವರಿಗೆ ಮಾತ್ರ ಒಂದು ಮಾತು: ಬಡಿಯುವುದು ಕೈಯ ಕೆಲಸವೆನಿಸಿದರೂ ಎದುರಿಗೆ ಹಂಚು ಕಾದಿರುತ್ತದೆ. ಅದನ್ನು ತಲೆಯ ಬುಟ್ಟಿಗೇ ಹಾಕಿ.

ಶಾಲೆ ಆರು ಗಂಟೆ ನಡೆಯುತ್ತದೆ ಎಂದು ನೀವೂ ಆರು ಗಂಟೆ ಪಾಠ ಮಾಡಬೇಕಾಗಿಲ್ಲ. ಐದರ ಮಗುವಿಗೆ ಒಂದು ಸಲಕ್ಕೆ ಕಾಲು ಗಂಟೆ, ದಿನಕ್ಕೆ ಮೂರು ಸಲ. ಎಂಟರವಳಿಗೆ ನಾನು ಎದುರು ಕೂತು ಕಲಿಸುವುದು ಒಟ್ಟು ಒಂದೂವರೆ ಗಂಟೆ.

ಎಲ್ಲರೂ ಸೋಲುವ ಜಾಗ: ಅವರಷ್ಟಕ್ಕೆ ಅವರು

ಉಳಿದದ್ದು ಮಶಿನ್ ತುಳಿಯುವ ಹೊತ್ತು. ಆಗ ಮಕ್ಕಳು ನಿಮ್ಮನ್ನು ಕರೆಯದೆ ಕೂರಬೇಕು. "ಸುಮ್ಮನೆ ಬರೆಯುತ್ತ ಕೂರು, ಈಗ ಬಂದೆ" ಎಂದರೆ ಯಾವ ಮಗುವೂ ಕೂರುವುದಿಲ್ಲ. ತಾಯಿಯ 'ಈಗ' ಎಂದರೆ ಎಷ್ಟು ಹೊತ್ತು ಎಂಬುದು ಅದಕ್ಕೆ ಅನುಭವದಿಂದ ಗೊತ್ತಿರುತ್ತದೆ. ಎರಡು ದಿನ ಗದರಿ ಕೂರಿಸಿ, ಮೂರನೆಯ ದಿನ ಮೊಬೈಲ್ ಕೊಟ್ಟು ಕೂರಿಸಿ, ನಾಲ್ಕನೆಯ ದಿನದಿಂದ ಮೊಬೈಲನ್ನೇ ಪಾಠ ಎಂದು ಕರೆಯುತ್ತಾರೆ.

ನನ್ನ ಕೈ ಹಿಡಿದದ್ದು ಬಾಬಿನ್, ಮಶಿನ್ನಿನ ಕೆಳದಾರ ಸುತ್ತುವ ಪುಟ್ಟ ಉರುಳೆ. ಗಡಿಯಾರ ಓದಲು ಬಾರದ ಐದರ ಹುಡುಗನಿಗೂ ಬಾಬಿನ್ ಖಾಲಿಯಾಗುವುದು ಕಣ್ಣಿಗೆ ಕಾಣುತ್ತದೆ. ದಾರ ಸುತ್ತಿ ಅವನ ಕೈಗೆ ಕೊಟ್ಟು ತೋರಿಸಿದೆ: ಇಷ್ಟು ದಾರ ಮುಗಿದ ಕೂಡಲೇ ಅವ್ವ ಎದ್ದು ಬರುತ್ತಾಳೆ. ಮೊದಲ ವಾರ ಸುತ್ತಿದ್ದು ಐದು ನಿಮಿಷಕ್ಕೆ ಆಗುವಷ್ಟೇ, ಬಾಬಿನ್ನಿನ ತಗಡು ಕಾಣುವಂತೆ. ಮುಗಿದ ಕೂಡಲೇ ಎದ್ದೆ. ಕಂಕುಳ ಹೊಲಿಗೆ ಅರ್ಧಕ್ಕೆ ನಿಂತಿತ್ತು, ಆದರೂ ಎದ್ದೆ. ಸೋಲುವುದು ಇಲ್ಲಿಯೇ. "ಇದೊಂದು ಅಂಚು ಮುಗಿಸಿ ಬರುತ್ತೇನೆ" ಎಂದು ಒಮ್ಮೆ ಅಂದರೆ ಬಾಬಿನ್ನಿಗಿದ್ದ ಬೆಲೆ ಹೋಯಿತು. ಎರಡನೆಯ ವಾರ ಹತ್ತು ನಿಮಿಷದ ದಾರ, ಮೂರನೆಯ ವಾರ ಕಾಲು ಗಂಟೆ. ಅವಸರ ಮಾಡಿ ಒಮ್ಮೆಗೇ ತುಂಬಿದ ಬಾಬಿನ್ ಹಾಕಬೇಡಿ. ನನ್ನ ಕೈಗೆ ಅದು ಸುಮಾರು ಮುಕ್ಕಾಲು ಗಂಟೆ ಬರುತ್ತದೆ, ಅಲ್ಲಿಗೆ ತಲುಪಲು ಮೂರು ತಿಂಗಳು ಹಿಡಿಯಿತು. ಜ್ವರ ಬಂದು ಎದ್ದಾಗ, ನೆಂಟರು ಬಂದು ಹೋದಾಗ ಎಲ್ಲ ಕೆಟ್ಟುಹೋಗುತ್ತದೆ. ಆಗ ಮತ್ತೆ ಹತ್ತು ನಿಮಿಷದ ದಾರಕ್ಕೆ ಇಳಿಯಿರಿ, ಎರಡನೆಯ ಸಲ ಬೇಗ ಏರುತ್ತದೆ. ಹೊಲಿಗೆ ನಿಮ್ಮ ಕಸುಬಲ್ಲದಿದ್ದರೆ ಮರಳು ಗಡಿಯಾರ ನಡೆದೀತು. ಮೊಬೈಲಿನ ಗಂಟೆ ಬೇಡ, ಅದನ್ನು ನಿಲ್ಲಿಸುವ ನೆಪದಲ್ಲಿ ಮೊಬೈಲು ಕೈಗೆ ಬರುತ್ತದೆ.

ಆ ಹೊತ್ತಿನಲ್ಲಿ ಮಗು ಏನು ಮಾಡಬೇಕು? ಸರ್ಕಾರಿ ಶಾಲೆಗಳ ನಲಿ-ಕಲಿಯನ್ನು ಇಲ್ಲಿ ಕದಿಯಬಹುದು. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುವ ಆ ಪದ್ಧತಿಯಲ್ಲಿ, ಹೊಸದನ್ನು ಶಿಕ್ಷಕರ ಪೂರ್ಣ ಬೆಂಬಲದ ಗುಂಪಿನಲ್ಲಿ ಕಲಿತ ಮಗು ಭಾಗಶಃ ಬೆಂಬಲದ ಗುಂಪು, ಸಹಪಾಠಿಗಳ ಗುಂಪು ಎಂದು ಸರಿಯುತ್ತ ಕೊನೆಗೆ ಸ್ವಕಲಿಕೆಗೆ ಬರುತ್ತದೆ. ಅಂದರೆ ಒಂಟಿಯಾಗಿ ಕೂತು ಮಾಡುವುದು ಹಳೆಯದನ್ನು, ಹೊಸದನ್ನಲ್ಲ. ನಾವು ಮನೆಯಲ್ಲಿ ತಲೆಕೆಳಗು ಮಾಡುತ್ತೇವೆ. ಇವತ್ತು ಹೇಳಿಕೊಡಲು ಹೊತ್ತಿಲ್ಲ ಎಂದು ಹೊಸ ಲೆಕ್ಕವನ್ನೇ ಕೊಟ್ಟು ಕೂರಿಸುತ್ತೇವೆ. ಮಗು ಎರಡು ನಿಮಿಷಕ್ಕೊಮ್ಮೆ ಅವ್ವಾ ಎನ್ನುತ್ತದೆ, ತಪ್ಪು ಅದರದ್ದಲ್ಲ.

ರಾತ್ರಿಯೇ ಇಬ್ಬರಿಗೂ ಒಂದೊಂದು ತಟ್ಟೆ ಜೋಡಿಸಿಡಿ. ಅದರಲ್ಲಿ ಮೂರೇ ಕೆಲಸ, ಮೂರೂ ಕಳೆದ ವಾರ ಬಂದವು. ಚಿಕ್ಕವನಿಗೆ ಮೂರು ಅಕ್ಷರ ಬರೆದ ಸ್ಲೇಟು, ಬಣ್ಣದ ಪ್ರಕಾರ ಬೇರ್ಪಡಿಸಲು ಬಟ್ಟೆಯ ಚೂರುಗಳು, ಒಂದು ಚಿತ್ರ. ದೊಡ್ಡವಳಿಗೆ ಆರು ಲೆಕ್ಕ, ಓದಿದ ಪುಟದ ಬಗ್ಗೆ ನಾಲ್ಕು ಸಾಲು, ಟೇಪಿನಿಂದ ಅಳೆಯಲು ಮನೆಯ ಐದು ವಸ್ತು. ಆರು ಎಂದರೆ ಆರೇ. ಬೇಗ ಮುಗಿಸಿದವಳಿಗೆ ಮತ್ತೆ ನಾಲ್ಕು ಲೆಕ್ಕ ಕೊಡುವುದು ಜಾಣತನಕ್ಕೆ ದಂಡ ಹಾಕಿದಂತೆ. ಮುಗಿದ ಮೇಲೆ ಅವಳ ಹೊತ್ತು ಅವಳದು.

ಇನ್ನು ಪ್ರಶ್ನೆಗಳು. ಮಶಿನ್ ನಡೆಯುವಾಗ ಕೇಳಬೇಕೆನಿಸಿದರೆ ಒಂದು ಗುಂಡಿಯನ್ನು ಡಬ್ಬಿಗೆ ಹಾಕಬೇಕು. ನಾನು ಎದ್ದಾಗ ಡಬ್ಬಿ ಸುರಿಯುತ್ತೇವೆ, ಗುಂಡಿಗೊಂದು ಉತ್ತರ. ಐದರ ಹುಡುಗ ಅಷ್ಟರಲ್ಲಿ ಪ್ರಶ್ನೆ ಮರೆತಿರುತ್ತಾನೆ, ಆದರೆ ತನ್ನ ಕೆಂಪು ಗುಂಡಿ ಯಾವುದು ಎಂಬುದು ನೆನಪಿರುತ್ತದೆ. ಅದನ್ನು ಹಿಡಿದು ಅಲ್ಲೇ ಹೊಸ ಪ್ರಶ್ನೆ ಹುಟ್ಟಿಸುತ್ತಾನೆ, ಅದಕ್ಕೂ ಉತ್ತರ ಕೊಡಿ. ಮೂರು ವರ್ಷದೊಳಗಿನ ಕೂಸಿರುವ ಮನೆಯಲ್ಲಿ ಗುಂಡಿ ಬೇಡ, ನುಂಗಿಬಿಡುತ್ತದೆ. ದೊಡ್ಡ ಬಟ್ಟೆ ಚೂರು ಸಾಕು. ಡಬ್ಬಿಯ ನಿಯಮಕ್ಕೆ ಹೊರತಾದದ್ದು ನಾಲ್ಕು: ರಕ್ತ, ಬೆಂಕಿ, ವಾಂತಿ, ಬಾಗಿಲ ಬಳಿ ಅಪರಿಚಿತರು. ಮೊದಲ ವಾರ ನನ್ನ ಮಗ ಎಂದೋ ಒಣಗಿದ ಸೊಳ್ಳೆ ಕಡಿತವನ್ನು ತೋರಿಸಿ ರಕ್ತ ಎಂದು ಎಂಟು ಸಲ ಎಬ್ಬಿಸಿದ.

ದೊಡ್ಡ ಮಗುವನ್ನು ಚಿಕ್ಕದಕ್ಕೆ ಮೇಷ್ಟರು ಮಾಡಬೇಡಿ. ಅವಳು ಕಥೆ ಓದಿ ಹೇಳಲಿ, ತಿದ್ದುವ ಅಧಿಕಾರ ಮಾತ್ರ ಬೇಡ. ಸಹಪಾಠಿಯ ನೆರವು ಶಾಲೆಯಲ್ಲಿ ನಡೆಯುತ್ತದೆ, ಅಕ್ಕ-ತಮ್ಮನ ನಡುವೆ ಅದು ಕೂದಲು ಹಿಡಿಯುವಲ್ಲಿಗೆ ಮುಟ್ಟುತ್ತದೆ. ಇಬ್ಬರ ಮಣೆಗಳೂ ಬೆನ್ನಿಗೆ ಬೆನ್ನು ಇರಲಿ.

ಗಿರಾಕಿಗಳಿಗೂ ಪಾಠ

ಮನೆಯಲ್ಲೇ ಇರುತ್ತೀರಿ ಎಂದರೆ ಯಾವಾಗ ಬೇಕಾದರೂ ಬರಬಹುದು ಎಂದೇ ಅರ್ಥ. "ಇಲ್ಲೇ ಹೊರಟಿದ್ದೆ ಅಕ್ಕಾ, ಅಳತೆಯ ಕುಪ್ಪಸ ಕೊಟ್ಟು ಹೋಗೋಣ ಎಂದು ಬಂದೆ" ಎಂದು ಹತ್ತೂವರೆಗೆ ಬಂದವರು ಹೋಗುವಾಗ ಹನ್ನೆರಡು. ಬಾಗಿಲಿಗೆ ಹಲಗೆ ಹಾಕಿ: ಅಳತೆ, ಕೊಡುವುದು, ಒಯ್ಯುವುದು ಸಂಜೆ 4ರಿಂದ 6. ಹಲಗೆಯನ್ನು ಯಾರೂ ಓದುವುದಿಲ್ಲ, ಆದರೆ ಅದನ್ನು ತೋರಿಸಿ ಮಾತನಾಡಲು ನಿಮಗೆ ಧೈರ್ಯ ಬರುತ್ತದೆ. ಅರ್ಜಂಟ್ ಎಂದವರಿಗೆ ಹೆಚ್ಚಿನ ಕೂಲಿ ಹೇಳಿ. ನಾನು ಹೇಳತೊಡಗಿದ ಮೇಲೆ ಅರ್ಧದಷ್ಟು ಅರ್ಜಂಟುಗಳು ಮುಂದಿನ ವಾರಕ್ಕೆ ಸರಿದವು. "ಮಕ್ಕಳಿಗೆ ಹುಷಾರಿಲ್ಲವೇ, ಶಾಲೆಗೆ ಹೋಗಿಲ್ಲವಲ್ಲ?" ಎಂಬ ಪ್ರಶ್ನೆಗೆ ಉದ್ದದ ಉತ್ತರ ಕೊಡಬೇಡಿ. "ಮನೆಯಲ್ಲೇ ಓದುತ್ತಾರೆ. ತೋಳು ಎಷ್ಟು ಉದ್ದ ಇಡಲಿ?" ಇಷ್ಟು ಸಾಕು.

ವರ್ಷವನ್ನೂ ಹೀಗೆಯೇ ಹಂಚಿಕೊಳ್ಳಿ. ತುಳಸಿ ಲಗ್ನ ಮುಗಿದು ಮದುವೆಗಳು ಶುರುವಾದರೆ ಬ್ಲೌಸುಗಳ ರಾಶಿ ಬೀಳುತ್ತದೆ. ಆಗ ಓದು, ಮಗ್ಗಿ, ಆಟ ಇಷ್ಟಕ್ಕೇ ಪಾಠವನ್ನು ಇಳಿಸಿ. ಆಷಾಢದಲ್ಲಿ ಲಗ್ನಗಳಿಲ್ಲ, ಧಾರವಾಡದ ಜಡಿಮಳೆಯಲ್ಲಿ ಗಿರಾಕಿಯೂ ಹೊರಗೆ ಕಾಲಿಡುವುದಿಲ್ಲ. ಭಾಗಾಕಾರ, ಒತ್ತಕ್ಷರದಂಥ ಜಿಗುಟು ಪಾಠಗಳನ್ನೆಲ್ಲ ನಾನು ಆ ತಿಂಗಳಿಗೆ ಎತ್ತಿಡುತ್ತೇನೆ.

ಕಸುಬನ್ನು ಪಾಠ ಮಾಡಿ, ಮಕ್ಕಳನ್ನು ಆಳು ಮಾಡಬೇಡಿ

ಗಿರಾಕಿಯ ಬಟ್ಟೆಗೆ ಮಕ್ಕಳ ಕೈ ತಾಗಬಾರದು. ಹುಕ್ಕು ಹಚ್ಚಿದರೆ ಕೌಶಲ ಬರುತ್ತದೆ ಎಂದು ಶುರುವಾದದ್ದು ಸೀಸನ್ನಿನಲ್ಲಿ ದಿನಕ್ಕೆ ಇಪ್ಪತ್ತು ಹುಕ್ಕಿಗೆ ಬಂದು ನಿಲ್ಲುತ್ತದೆ. ಲೆಕ್ಕಕ್ಕೆ ಮಾತ್ರ ಹೊಲಿಗೆಯಂಥ ಪುಸ್ತಕವಿಲ್ಲ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ರಾಷ್ಟ್ರಧ್ವಜ ತಯಾರಾಗುತ್ತದೆ. ಧ್ವಜದ ಉದ್ದ ಅಗಲಗಳ ಅನುಪಾತ 3:2, ದೊಡ್ಡದು 21 ಅಡಿಗೆ 14 ಅಡಿ, ಮೇಜಿನ ಮೇಲಿಡುವ ಪುಟ್ಟದು 6 ಇಂಚಿಗೆ 4. ಎರಡೂ ಹೇಗೆ ಒಂದೇ ಆಕಾರ ಎಂಬುದನ್ನು ಮಗಳು ಪೇಪರ್ ಕತ್ತರಿಸಿ, ಟೇಪು ಹಿಡಿದು ತಾನೇ ಕಂಡುಕೊಂಡಳು. ದೊಡ್ಡದು ನಮ್ಮ ಪಡಸಾಲೆಯಲ್ಲಿ ಹಿಡಿಸುವುದಿಲ್ಲ ಎಂಬುದನ್ನೂ ಅಳೆದು ಹೇಳಿದಳು. ಅಲ್ಲಿಗೆ ಕರೆದೊಯ್ಯುವುದಾದರೆ ಮೊದಲೇ ಕೇಳಿಕೊಂಡು ಹೋಗಿ. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ಕಿಟಕಿ ಸೀಟು ಯಾರಿಗೆ ಎಂಬ ಜಗಳವನ್ನು ಮನೆಯಲ್ಲೇ ತೀರಿಸಿಕೊಳ್ಳಿ.

ಎರಡು ವಹಿ

ಒಂದರಲ್ಲಿ ಜಮಾಖರ್ಚು, ಇನ್ನೊಂದರಲ್ಲಿ ತಾರೀಖು ಹಾಕಿ ಇವತ್ತು ಏನು ಕಲಿತರು ಎಂಬ ಎರಡು ಸಾಲು. ಮುಂದೆ ಶಾಲೆಗೆ ಸೇರಿಸಿದರೆ ಎರಡನೆಯ ವಹಿ ಬೇಕಾಗುತ್ತದೆ.

ಶನಿವಾರ ರಾತ್ರಿ ಮುಂದಿನ ವಾರದ ಬಾಬಿನ್‌ಗಳನ್ನೆಲ್ಲ ಸುತ್ತಿಡಿ. ತಾನೇ ಸುತ್ತುತ್ತೇನೆ ಎಂದು ಚಿಕ್ಕದು ದುಂಬಾಲು ಬೀಳುತ್ತದೆ. ಕೊಡಬೇಡಿ. ನಾನು ಒಮ್ಮೆ ಕೊಟ್ಟಿದ್ದೆ. ಸೋಮವಾರ ಹೊಲಿಯಲು ಕೂತರೆ ನಾಲ್ಕನೆಯ ನಿಮಿಷಕ್ಕೇ ದಾರ ಮುಗಿಯಿತು, ಅವನು ಆಗಲೇ ಡಬ್ಬಿ ಹಿಡಿದು ಪಕ್ಕದಲ್ಲಿ ನಿಂತಿದ್ದ.