ಹೊಸ ಅಧ್ಯಾಪಕರ ಸೇವಾ ಕಡತ ತೆರೆಯುವುದು ಹೇಗೆ?

ವಿಶ್ವವಿದ್ಯಾಲಯದ ಮಾನವ ಸಂಪನ್ಮೂಲ ವಿಭಾಗಕ್ಕೆ ಹೊಸದಾಗಿ ಸೇರಿದವರಿಗೆ ಸಾಮಾನ್ಯವಾಗಿ ಮೊದಲು ಒಪ್ಪಿಸುವ ಕೆಲಸ, ಆಗಷ್ಟೇ ಹಾಜರಾದ ಸಹಾಯಕ ಪ್ರಾಧ್ಯಾಪಕರೊಬ್ಬರ ಸೇವಾ ಕಡತವನ್ನು ತೆರೆಯುವುದು. ಬರೀ ಗುಮಾಸ್ತಿಕೆಯಂತೆ ಕಾಣುವ ಈ ಕೆಲಸದಲ್ಲಿ ಉಳಿದ ತಪ್ಪು ಮುಂಬಡ್ತಿಯ ಹೊತ್ತಿಗೋ ನಿವೃತ್ತಿಯ ಹೊತ್ತಿಗೋ ತಲೆಯೆತ್ತುತ್ತದೆ. ಅಷ್ಟರಲ್ಲಿ ಅದನ್ನು ಬರೆದವರು ಬೇರೆಲ್ಲೋ ಇರುತ್ತಾರೆ.

ಮೊದಲು ಹೆಸರನ್ನು ನೋಡಿಕೊಳ್ಳಬೇಕು. ನಮ್ಮಲ್ಲಿ ಊರಿನದೊಂದು, ತಂದೆಯದೊಂದು ಇನಿಷಿಯಲ್ ಇಟ್ಟುಕೊಳ್ಳುವ ರೂಢಿ ಇರುವುದರಿಂದ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಎಚ್.ಎಸ್. ಮಂಜುನಾಥ’ ಆಗಿದ್ದವರು ಆಧಾರ್‌ನಲ್ಲಿ ‘ಮಂಜುನಾಥ ಎಚ್.ಎಸ್.’ ಆಗಿ, ಪಾನ್ ಕಾರ್ಡಿನಲ್ಲಿ ತಂದೆಯ ಪೂರ್ಣ ಹೆಸರನ್ನು ಸೇರಿಸಿಕೊಂಡು ಮೂರನೆಯವರೇ ಆಗಿರುವುದುಂಟು. ಮದುವೆಯ ನಂತರ ಹೆಸರು ಬದಲಿಸಿಕೊಂಡ ಅಧ್ಯಾಪಕಿಯರ ದಾಖಲೆಗಳಲ್ಲಿ ಈ ತೊಡಕು ಇನ್ನೂ ಹೆಚ್ಚು. ಭವಿಷ್ಯ ನಿಧಿಯ ದಾಖಲೆಯೂ ಆಧಾರ್ ದಾಖಲೆಯೂ ಹೊಂದದಿದ್ದರೆ ಹಣ ಪಡೆಯುವಾಗ ಅರ್ಜಿ ತಿರಸ್ಕೃತವಾಗಬಹುದು. ಆದ್ದರಿಂದ ವ್ಯತ್ಯಾಸವನ್ನು ಹಾಜರಾದ ವಾರದಲ್ಲೇ ಗುರುತಿಸಿ, ಯಾವ ದಾಖಲೆಯನ್ನು ತಿದ್ದಿಸಬೇಕೆಂದು ಲಿಖಿತವಾಗಿ ತಿಳಿಸಬೇಕು. ಹಿಂದೆ ಬೇರೆಡೆ ದುಡಿದವರಿಗೆ 12 ಅಂಕಿಗಳ ಯುಎಎನ್ (ಭವಿಷ್ಯ ನಿಧಿಯ ಸಾರ್ವತ್ರಿಕ ಖಾತೆ ಸಂಖ್ಯೆ) ಈಗಾಗಲೇ ಇದ್ದಲ್ಲಿ ಅದನ್ನೇ ಮುಂದುವರಿಸಬೇಕೇ ಹೊರತು ಹೊಸದನ್ನು ಸೃಷ್ಟಿಸಬಾರದು.

ಜನ್ಮ ದಿನಾಂಕಕ್ಕೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಆಧಾರವಾಗಿ ಇಟ್ಟುಕೊಳ್ಳುವುದು ಕ್ಷೇಮ. ರಾಜ್ಯ ಸರ್ಕಾರಿ ನೌಕರರ ವಿಷಯದಲ್ಲಿ 1974ರ ವಯಸ್ಸು ನಿರ್ಧಾರ ಕಾಯ್ದೆಯು, ಸೇವಾ ಪುಸ್ತಕದಲ್ಲಿ ನಮೂದಾದ ದಿನಾಂಕದ ಬದಲಾವಣೆ ಕೋರಲು ಮೂರು ವರ್ಷಗಳ ಗಡುವು ವಿಧಿಸಿದೆ. ಖಾಸಗಿ ವಿಶ್ವವಿದ್ಯಾಲಯಗಳೂ ತಮ್ಮ ಸೇವಾ ನಿಯಮಗಳಲ್ಲಿ ಇಂಥದೊಂದು ಗಡುವು ಇಟ್ಟುಕೊಳ್ಳುವುದು ಒಳ್ಳೆಯದು.

ಅನಂತರದ್ದು ವಿದ್ಯಾರ್ಹತೆ, ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿಯೇ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಂತೆ ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಬೇಕು; ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ 5ರ ಸಡಿಲಿಕೆ ಇದೆ. 2023ರ ಜುಲೈ 1ರಿಂದ ನೇರ ನೇಮಕಾತಿಗೆ ರಾಷ್ಟ್ರಮಟ್ಟದ ನೆಟ್ ಅಥವಾ ರಾಜ್ಯಮಟ್ಟದ ಕೆ-ಸೆಟ್‌ನಂಥ ಪರೀಕ್ಷೆಯೇ ಕನಿಷ್ಠ ಅರ್ಹತೆಯಾಗಿದ್ದು, ಪಿಎಚ್.ಡಿ. ಕಡ್ಡಾಯವಲ್ಲ. ಹಾಗೆಂದು ಅದರ ದಿನಾಂಕವನ್ನು ಹಗುರವಾಗಿ ಕಾಣುವಂತಿಲ್ಲ: ಸಹಾಯಕ ಪ್ರಾಧ್ಯಾಪಕರ ಆರಂಭದ ಹಂತವಾದ 10ನೇ ವೇತನ ಹಂತದಿಂದ 11ನೇ ಹಂತಕ್ಕೆ ಏರಲು ಪಿಎಚ್.ಡಿ. ಉಳ್ಳವರಿಗೆ 4 ವರ್ಷ ಸಾಕು, ಎಂ.ಫಿಲ್ಲೂ ಇಲ್ಲದವರಿಗೆ 6 ವರ್ಷ ಬೇಕು. ಪದವಿ ಪ್ರದಾನದ ಅಧಿಸೂಚನೆ ಹೊರಬಿದ್ದ ತಿಂಗಳುಗಳ ನಂತರ ಘಟಿಕೋತ್ಸವ ನಡೆಯುವುದು ಸಾಮಾನ್ಯವಾದ್ದರಿಂದ ಎರಡೂ ದಿನಾಂಕಗಳನ್ನು ಬೇರೆಬೇರೆಯಾಗಿ ನಮೂದಿಸಿ, ಅಧಿಸೂಚನೆಯ ಪ್ರತಿಯನ್ನು ಕಡತಕ್ಕೆ ಸೇರಿಸಬೇಕು. ಇತ್ತೀಚಿನ ಪದವಿಗಳನ್ನು ಡಿಜಿಲಾಕರ್‌ನಲ್ಲಿ ಪರಿಶೀಲಿಸಬಹುದು. ಅಲ್ಲಿ ಸಿಗದಿದ್ದರೆ ಪದವಿ ನೀಡಿದ ವಿಶ್ವವಿದ್ಯಾಲಯಕ್ಕೇ ಪತ್ರ ಬರೆಯಬೇಕು. ಮೂಲ ಪ್ರಮಾಣಪತ್ರಗಳನ್ನು ಹೋಲಿಸಿ ನೋಡಿ ಅಂದೇ ಹಿಂದಿರುಗಿಸಬೇಕು. ಅವನ್ನು ಕಪಾಟಿನಲ್ಲಿ ಇರಿಸಿಕೊಳ್ಳುವುದು ಉದ್ಯೋಗಿಯನ್ನು ಕಟ್ಟಿಹಾಕುವ ಉಪಾಯವೇ ಹೊರತು ಪರಿಶೀಲನೆಯಲ್ಲ.

ಹಿಂದಿನ ಸೇವೆಯನ್ನು ಲೆಕ್ಕಕ್ಕೆ ಹಿಡಿಯುವಾಗ ಅನುಭವ ಪ್ರಮಾಣಪತ್ರವೊಂದೇ ಸಾಲದು. ಅತಿಥಿ ಉಪನ್ಯಾಸಕರಾಗಿ ದುಡಿದ ಅವಧಿ ಪರಿಗಣನೆಗೆ ಬರಬೇಕಾದರೆ, ಆಗ ನಿಗದಿತ ವಿದ್ಯಾರ್ಹತೆ ಇತ್ತೇ, ಕ್ರಮಬದ್ಧ ಆಯ್ಕೆ ಸಮಿತಿಯ ಶಿಫಾರಸಿನ ಮೇಲೆ ನೇಮಕವಾಗಿತ್ತೇ, ಒಟ್ಟು ಸಂಭಾವನೆ ಕಾಯಂ ಸಹಾಯಕ ಪ್ರಾಧ್ಯಾಪಕರ ಮಾಸಿಕ ವೇತನಕ್ಕಿಂತ ಕಡಿಮೆಯಾಗಿರಲಿಲ್ಲವೇ ಎಂಬುದನ್ನು ನೋಡಬೇಕಾಗುತ್ತದೆ. ಗಂಟೆಯ ಲೆಕ್ಕದಲ್ಲಿ ಸಂಭಾವನೆ ಪಡೆದು ವರ್ಷಗಟ್ಟಲೆ ಪಾಠ ಮಾಡಿದವರು ಈ ಕೊನೆಯ ಷರತ್ತಿನಲ್ಲೇ ಸೋಲುತ್ತಾರೆ. ನ್ಯಾಯವೆನಿಸದಿದ್ದರೂ ನಿಯಮ ಅದು. ಸುಳ್ಳು ಭರವಸೆ ಕೊಡದೆ, ನೇಮಕದ ಸಮಯದಲ್ಲೇ ಅವರಿಗೆ ವಿವರಿಸಿ ಹೇಳುವುದು ಮೇಲು.

ವೇತನದ ಕೆಲಸ ಇದಕ್ಕಿಂತ ಸುಲಭ. ಬ್ಯಾಂಕ್ ಖಾತೆ, ಪಾನ್, ನಾಮನಿರ್ದೇಶನದ ನಮೂನೆಗಳನ್ನು ಪಡೆದು, ವೃತ್ತಿ ತೆರಿಗೆಯ ಕಡಿತವನ್ನು ವಿವರಿಸಿದರೆ ಮುಗಿಯಿತು. ಮಾಸಿಕ 25,000 ರೂಪಾಯಿ ಹಾಗೂ ಅದಕ್ಕಿಂತ ಹೆಚ್ಚಿನ ಸಂಬಳಕ್ಕೆ ಕರ್ನಾಟಕದಲ್ಲಿ ತಿಂಗಳಿಗೆ 200 ರೂಪಾಯಿ, 2025ರ ತಿದ್ದುಪಡಿಯ ನಂತರ ಫೆಬ್ರುವರಿಯಲ್ಲಿ ಮಾತ್ರ 300 ರೂಪಾಯಿ ಕಡಿತವಾಗುತ್ತದೆ. ಮೊದಲೇ ಹೇಳಿಡದಿದ್ದರೆ ಆ ನೂರು ರೂಪಾಯಿಯ ವಿಚಾರಣೆಗೇ ಮಾರ್ಚ್ ಮೊದಲ ವಾರ ಕಳೆದುಹೋಗುತ್ತದೆ.

ಕೊನೆಗೆ, ಕಡತದ ಹಾಳೆಗಳಿಗೆ ಪುಟಸಂಖ್ಯೆ ಹಾಕಿ, ಮುಂದೆ ಒಂದು ವಿಷಯಸೂಚಿಯನ್ನು ಸೇರಿಸಿ, ಎಲ್ಲ ನಮೂದುಗಳನ್ನೂ ಅಧ್ಯಾಪಕರಿಗೆ ಓದಲು ಕೊಟ್ಟು ದಿನಾಂಕಸಹಿತ ಸಹಿ ಪಡೆಯಬೇಕು. ಸಹಿಯಾದ ಸೂಚಿಯ ಒಂದು ಪ್ರತಿ ಅವರ ಬಳಿಯಲ್ಲೂ ಇರಬೇಕು.